ನ್ಯಾಸ್ ಅಪ್‌ಡೇಟ್ ಅರ್ಧಕ್ಕೆ ನಿಂತಿದೆ, ಒಳಗಿನ ಫೋಟೋ ಉಳಿದಿದೆಯಾ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ. ಮನೆಯಲ್ಲಿ ಐದು ವರ್ಷದಿಂದ ಎರಡು ಡಿಸ್ಕ್‌ನ ನ್ಯಾಸ್ (ಮನೆಯ ನೆಟ್‌ವರ್ಕ್‌ಗೆ ಸೇರಿಸಿ ಎಲ್ಲರ ಫೈಲ್ ಇಡುವ ಪೆಟ್ಟಿಗೆ) ಇದೆ, ಒಂದೊಂದೂ 4 ಟಿಬಿ. ಮನೆಯವರೆಲ್ಲರ ಫೋಟೋ, ತಂಗಿಯ ಮದುವೆ ವಿಡಿಯೋ, ಅಪ್ಪನ ರೇಷ್ಮೆ ರೀಲಿಂಗ್ ಘಟಕದ ಟ್ಯಾಲಿ ಲೆಕ್ಕ, ತೀರಿಹೋದ ಅಜ್ಜಿ ಹಾಡಿದ ಸೋಬಾನೆ ಪದಗಳ ರೆಕಾರ್ಡಿಂಗ್, ಎಲ್ಲ ಅದರಲ್ಲೇ. ಕಳೆದ ವಾರ ಅಪ್‌ಡೇಟ್ ಬಂದಿದೆ ಅಂತ ತೋರಿಸಿತು, ಒತ್ತಿದೆ. ಅರ್ಧದಲ್ಲಿ ಕರೆಂಟ್ ಹೋಯಿತು. ಮನೆಗೆ ಇನ್ವರ್ಟರ್ ಇದೆ, ಲೈಟು ಫ್ಯಾನು ನಿಲ್ಲಲಿಲ್ಲ. ಆದರೂ ನ್ಯಾಸ್ ಆಫ್ ಆಗಿ ಆನ್ ಆಯಿತು. ಅವತ್ತಿನಿಂದ ನೀಲಿ ದೀಪ ಮಿನುಗುತ್ತಲೇ ಇದೆ, ಕಂಪ್ಯೂಟರ್‌ನಲ್ಲಿ ಕಾಣಿಸುತ್ತಿಲ್ಲ. ಒಂದು ಡಿಸ್ಕ್ ತೆಗೆದು ಲ್ಯಾಪ್‌ಟಾಪ್‌ಗೆ ಹಾಕಿದೆ. ವಿಂಡೋಸ್ ‘ಫಾರ್ಮ್ಯಾಟ್ ಮಾಡಬೇಕು’ ಎಂದಿತು, ಕ್ಯಾನ್ಸಲ್ ಒತ್ತಿದೆ. ಈಗ ಆ ಡಿಸ್ಕ್ ಕಂಪ್ಯೂಟರ್ ಅಂಗಡಿಯವರ ಹತ್ತಿರ ಇದೆ. ‘ಫಾರ್ಮ್ಯಾಟ್ ಮಾಡಿ, ಆಮೇಲೆ ಸಾಫ್ಟ್‌ವೇರ್ ಹಾಕಿ ರಿಕವರಿ ಮಾಡ್ತೀವಿ’ ಅಂತಾರೆ. ಒಪ್ಪಲಾ? ಇಲ್ಲ, ಅದೇ ಮಾಡೆಲ್ ಹೊಸದು ತಂದು ಡಿಸ್ಕ್ ಅದಕ್ಕೆ ಹಾಕಲಾ?

ಉತ್ತರ: ಒಪ್ಪಬೇಡಿ. ಮುಂದೆ ಓದುವ ಮೊದಲು ಅಂಗಡಿಗೆ ಒಂದು ಫೋನ್ ಮಾಡಿ. ‘ಡಿಸ್ಕ್‌ಗೆ ಏನೂ ಮಾಡಬೇಡಿ, ಯಾವುದಕ್ಕೂ ಸಿಕ್ಕಿಸಬೇಡಿ, ಬಂದು ತಗೊಂಡು ಹೋಗ್ತೀನಿ’ ಅಂತ ಹೇಳಿ. ಮನೆಯಲ್ಲಿ ಮಿನುಗುತ್ತಿರುವ ಪೆಟ್ಟಿಗೆಯನ್ನೂ ಆಫ್ ಮಾಡಿ. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಅದಕ್ಕೂ ಬಗ್ಗದಿದ್ದರೆ ಪ್ಲಗ್ ಕೀಳಿ. ಸಾಮಾನ್ಯವಾಗಿ ನಾನು ಪ್ಲಗ್ ಕೀಳಿ ಅಂತ ಹೇಳುವುದಿಲ್ಲ. ಅಪ್‌ಡೇಟ್ ಆದ ಮೇಲೆ ಕೆಲವು ಪೆಟ್ಟಿಗೆಗಳು ಡಿಸ್ಕ್ ಪರೀಕ್ಷೆ ಮಾಡುತ್ತಾ ಗಂಟೆಗಟ್ಟಲೆ ಮಿನುಗುತ್ತವೆ, ಆಗ ಕಾಯಬೇಕು. ಆದರೆ ಒಂದು ವಾರ ಮಿನುಗಿದ್ದು ಇನ್ನು ತಾನಾಗಿ ಎದ್ದು ಕೂರುವುದಿಲ್ಲ.

ಈಗ ಸಮಾಧಾನದ ಮಾತು. ನೀವು ಬರೆದಿರುವುದನ್ನು ನೋಡಿದರೆ ಫೋಟೋ, ವಿಡಿಯೋ, ಲೆಕ್ಕ ಎಲ್ಲ ಡಿಸ್ಕ್ ಮೇಲೆ ಹಾಗೇ ಇರುವ ಸಾಧ್ಯತೆಯೇ ಜಾಸ್ತಿ. ಅರ್ಧಕ್ಕೆ ನಿಂತ ಅಪ್‌ಡೇಟ್‌ನಿಂದಲೇ ಡೇಟಾ ಹೋಗುವುದು ಅಪರೂಪ. ಅದಾದ ಮೇಲೆ ಗಾಬರಿಯಲ್ಲಿ ಮಾಡುವ ಕೆಲಸಗಳಿಂದ ಹೋಗುವುದೇ ಹೆಚ್ಚು. ಫಾರ್ಮ್ಯಾಟ್, ಇನಿಶಿಯಲೈಸ್, ಫ್ಯಾಕ್ಟರಿ ರಿಸೆಟ್, ಡಿಸ್ಕ್ ಅದಲು ಬದಲು, ಇವೇ ಅಸಲಿ ಶತ್ರುಗಳು. ನೀವು ಕ್ಯಾನ್ಸಲ್ ಒತ್ತಿದ್ದು ಸರಿಯಾಯಿತು. ಕ್ಯಾನ್ಸಲ್ ಒತ್ತಿದರೆ ವಿಂಡೋಸ್ ಡಿಸ್ಕ್ ಮೇಲೆ ಏನೂ ಬರೆಯುವುದಿಲ್ಲ.

ಹಾಗಾದರೆ ವಿಂಡೋಸ್ ಯಾಕೆ ಹಾಗೆ ಕೇಳಿತು? ನ್ಯಾಸ್ ಅಂದರೆ ಬರೀ ಡಿಸ್ಕ್ ಪೆಟ್ಟಿಗೆ ಅಲ್ಲ, ಒಳಗೆ ಲಿನಕ್ಸ್ (ವಿಂಡೋಸ್ ಹಾಗೆ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ) ಓಡಿಸುವ ಪುಟ್ಟ ಕಂಪ್ಯೂಟರ್. ಸೈನಾಲಜಿ, ಕ್ಯೂನ್ಯಾಪ್, ಬಫಲೋ, ವೆಸ್ಟರ್ನ್ ಡಿಜಿಟಲ್‌ನ ಮೈ ಕ್ಲೌಡ್, ಮನೆಗೆ ಬರುವ ಇವೆಲ್ಲ ಲಿನಕ್ಸ್ ಮೇಲೇ ನಿಂತಿವೆ. ಡಿಸ್ಕ್‌ಗಳನ್ನು ಅವು ಇಎಕ್ಸ್‌ಟಿ4, ಬಿಟಿಆರ್‌ಎಫ್‌ಎಸ್ ಅಥವಾ ಎಕ್ಸ್‌ಎಫ್‌ಎಸ್ ಎಂಬ ಪದ್ಧತಿಯಲ್ಲಿ ಜೋಡಿಸಿಡುತ್ತವೆ. ವಿಂಡೋಸ್‌ಗೆ ಅದನ್ನು ಓದಲು ಬರುವುದಿಲ್ಲ. ತನಗೆ ಓದಲು ಬಾರದ್ದನ್ನೆಲ್ಲ ಅದು ಖಾಲಿ ಡಿಸ್ಕ್ ಅಂತಲೇ ತಿಳಿದುಕೊಂಡು ‘ಫಾರ್ಮ್ಯಾಟ್ ಮಾಡಲೇ?’ ಎಂದು ವಿನಯದಿಂದ ಕೇಳುತ್ತದೆ. ಎಷ್ಟೋ ಮನೆಗಳ ಫೋಟೋ ಈ ವಿನಯಕ್ಕೇ ಬಲಿಯಾಗಿವೆ.

ಅಂಗಡಿಯವರನ್ನು ನಾನು ಬೈಯುವುದಿಲ್ಲ. ‘ಫಾರ್ಮ್ಯಾಟ್ ಮಾಡಿ ರಿಕವರಿ’ ಅನ್ನುವುದು ಪೆನ್‌ಡ್ರೈವ್, ಕ್ಯಾಮೆರಾ ಕಾರ್ಡ್‌ಗಳ ಕಾಲದ ರೂಢಿ. ವಿಂಡೋಸ್ ಎಕ್ಸ್‌ಪಿ ಇದ್ದಾಗ ಪೂರ್ತಿ ಫಾರ್ಮ್ಯಾಟ್ ಮಾಡಿದರೂ ಅದು ಹಳೆ ಡೇಟಾ ಮೇಲೆ ಏನೂ ಬರೆಯುತ್ತಿರಲಿಲ್ಲ, ಬರೀ ಸೂಚಿಯನ್ನು (ಯಾವ ಫೈಲ್ ಎಲ್ಲಿದೆ ಅನ್ನುವ ಪಟ್ಟಿ) ಹೊಸದು ಮಾಡಿ ಕೆಟ್ಟ ಜಾಗ ಹುಡುಕುತ್ತಿತ್ತು. ವಿಂಡೋಸ್ ವಿಸ್ತಾದಿಂದ ಈಚೆಗೆ ಅದು ಬದಲಾಗಿದೆ. ‘ಕ್ವಿಕ್ ಫಾರ್ಮ್ಯಾಟ್’ ಎಂಬ ಟಿಕ್ ತೆಗೆದು ಫಾರ್ಮ್ಯಾಟ್ ಕೊಟ್ಟರೆ ಡಿಸ್ಕ್‌ನ ಆ ಭಾಗದ ತುಂಬಾ ಸೊನ್ನೆ ಬರೆಯುತ್ತದೆ. ಸೊನ್ನೆ ಬಿದ್ದ ಜಾಗದಿಂದ ಯಾವ ಸಾಫ್ಟ್‌ವೇರ್‌ಗೂ, ಯಾವ ಲ್ಯಾಬ್‌ಗೂ ಏನೂ ಸಿಗುವುದಿಲ್ಲ. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಲಿನಕ್ಸ್‌ನ ಸೂಚಿಯ ಒಂದಷ್ಟು ಭಾಗ ಅಳಿಯುತ್ತದೆ. ಆಮೇಲೆ ಫೈಲ್ ಸಿಕ್ಕರೂ ಹೆಸರು, ಫೋಲ್ಡರ್ ಸಿಗದೆ ಹೋಗಬಹುದು. ಹತ್ತಾರು ಸಾವಿರ ಫೋಟೋ ಬರೀ ನಂಬರ್ ಹೆಸರಿನಲ್ಲಿ ರಾಶಿ ಬಿದ್ದರೆ ಅಜ್ಜಿಯ ದನಿ ಎಲ್ಲಿ ಅಂತ ಹುಡುಕುತ್ತೀರಿ?

ಅಪ್‌ಡೇಟ್ ಎಲ್ಲಿ ಬರೆಯುತ್ತದೆ ಅನ್ನುವುದು ತಿಳಿದರೆ ನಿಮ್ಮ ಭಯ ಅರ್ಧ ಇಳಿಯುತ್ತದೆ. ಸೈನಾಲಜಿಯನ್ನೇ ತೆಗೆದುಕೊಳ್ಳಿ. ಅದು ಪ್ರತಿ ಡಿಸ್ಕ್‌ನ ಆರಂಭದಲ್ಲಿ ಕೆಲವೇ ಜಿಬಿಯಷ್ಟು ಜಾಗವನ್ನು ತನ್ನ ವ್ಯವಸ್ಥೆಗೆ ಇಟ್ಟುಕೊಳ್ಳುತ್ತದೆ. ಅದರ ಪಕ್ಕ ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಜಾಗ) ಇನ್ನೊಂದು ತುಂಡು. ಉಳಿದ ಜಾಗವೆಲ್ಲ ನಿಮ್ಮ ಫೈಲ್‌ಗಳಿಗೆ, ಅದು ಬೇರೆಯದೇ ವಿಭಾಗ. ಅಪ್‌ಡೇಟ್ ಬರೆಯುವುದು ಆ ಮೊದಲ ತುಂಡಿಗೆ ಮತ್ತು ಬೋರ್ಡ್ ಮೇಲಿರುವ ಚಿಕ್ಕ ಮೆಮೊರಿಗೆ. ಮನೆಯ ಬೀಗ ಕೆಟ್ಟಿದೆ, ಬೀರು ಕೆಟ್ಟಿಲ್ಲ. ಬೇರೆ ಕಂಪನಿಗಳ ವಿವರ ಬೇರೆ ಇದ್ದರೂ ಲೆಕ್ಕ ಹೆಚ್ಚು ಕಡಿಮೆ ಇದೇ.

ನೀವು ಮಾಡೆಲ್ ಯಾವುದು ಅಂತ ಬರೆದಿಲ್ಲ. ಹಾಗಾಗಿ ಎಲ್ಲಕ್ಕೂ ಹೊಂದುವ ಹಾಗೆ ಹೇಳುತ್ತೇನೆ.

ಮೊದಲು ಪೆಟ್ಟಿಗೆ ನಿಜವಾಗಿಯೂ ಸತ್ತಿದೆಯಾ ನೋಡೋಣ. ಅದು ಆಫ್ ಇರುವಾಗ ಉಳಿದ ಡಿಸ್ಕನ್ನೂ ಹೊರಗೆ ತೆಗೆಯಿರಿ. ಯಾವುದು ಯಾವ ಖಾನೆಯಲ್ಲಿತ್ತು ಅಂತ ಡಿಸ್ಕ್ ಮೇಲೆ ಪೆನ್ನಿನಲ್ಲಿ 1, 2 ಎಂದು ಬರೆಯಿರಿ, ಸೀರಿಯಲ್ ನಂಬರ್ ಕಾಣುವ ಹಾಗೆ ಫೋಟೋ ತೆಗೆದಿಟ್ಟುಕೊಳ್ಳಿ. ಈಗ ಖಾಲಿ ಪೆಟ್ಟಿಗೆಯನ್ನು ಆನ್ ಮಾಡಿ. ರೌಟರ್ ಪುಟದಲ್ಲಿ ಹೊಸ ಸಾಧನ ಕಾಣುತ್ತಾ? ಕಂಪನಿಯ ಹುಡುಕುವ ಆ್ಯಪ್‌ನಲ್ಲಿ ಕಾಣುತ್ತಾ? ಹೆಸರು, ಐಪಿ ವಿಳಾಸ ಮೊದಲಿನದೇ ಇರಬೇಕು ಅಂತಿಲ್ಲ. ಅರ್ಧ ಅಪ್‌ಡೇಟ್ ಆದ ಪೆಟ್ಟಿಗೆ ಹಳೆ ವಿಳಾಸ ಮರೆತು ಹೊಸದರಲ್ಲಿ ಕೂತಿರುವುದು ಮಾಮೂಲು. ಖಾಲಿ ಪೆಟ್ಟಿಗೆ ನೆಟ್‌ವರ್ಕ್‌ನಲ್ಲಿ ಕಂಡರೆ ಬೋರ್ಡ್ ಬದುಕಿದೆ, ವ್ಯವಸ್ಥೆಯನ್ನು ಮತ್ತೆ ಹಾಕಿದರೆ ಸಾಕಾಗಬಹುದು. ಆದರೆ ಅದನ್ನು ಈಗಲೇ ಹಾಕಬೇಡಿ. ಡೇಟಾ ನಕಲು ಆದ ಮೇಲೆ ನೋಡೋಣ.

ಇಲ್ಲೊಂದು ಕಳ್ಳ ಇದ್ದಾನೆ, ಅಡಾಪ್ಟರ್. 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್‌ವರೆಗೂ ಎಳೆಯುತ್ತದೆ. ಐದು ವರ್ಷ ಹಗಲು ರಾತ್ರಿ ಓಡಿದ ಅಡಾಪ್ಟರ್ ಒಳಗೆ ಸೊರಗಿರುತ್ತದೆ. ಓಡುತ್ತಿರುವ ಡಿಸ್ಕ್‌ಗಳನ್ನು ಅದು ಹೇಗೋ ಸಾಕುತ್ತದೆ, ಆದರೆ ಎರಡನ್ನೂ ಒಟ್ಟಿಗೆ ಎಬ್ಬಿಸುವ ಶಕ್ತಿ ಇರುವುದಿಲ್ಲ. ಖಾಲಿ ಪೆಟ್ಟಿಗೆ ಸರಿಯಾಗಿ ಎದ್ದು, ಡಿಸ್ಕ್ ಹಾಕಿದ ತಕ್ಷಣ ಮಿನುಗಾಟ ಶುರುವಾದರೆ ಅಡಾಪ್ಟರ್ ಮೇಲೆ ಅನುಮಾನ ಪಡಬೇಕು. ಆದರೆ ಈ ಪರೀಕ್ಷೆಗೆ ನಿಮ್ಮ ಡಿಸ್ಕ್ ಬಳಸಬೇಡಿ, ಅಷ್ಟೇ ವೋಲ್ಟ್, ಅಷ್ಟೇ ಅಥವಾ ಜಾಸ್ತಿ ಆಂಪಿಯರ್‌ನ, ಅದೇ ಪಿನ್‌ನ ಇನ್ನೊಂದು ಅಡಾಪ್ಟರ್ ತಂದು ಇಟ್ಟುಕೊಳ್ಳಿ.

ಅಪ್‌ಡೇಟ್‌ಗೆ ಸುಮ್ನೆ ಕೆಟ್ಟ ಹೆಸರು ಬರುವ ಇನ್ನೊಂದು ಸಂದರ್ಭವೂ ಇದೆ. ಇಂಟೆಲ್‌ನ ಆಟಂ ಸಿ2000 ಎಂಬ ಚಿಪ್‌ನಲ್ಲಿ ಕೆಲವು ವರ್ಷ ಓಡಿದ ಮೇಲೆ ಕೈಕೊಡುವ ದೋಷ ಇದೆ ಎಂದು 2017ರಲ್ಲಿ ಹೊರಬಿತ್ತು. ನಾಲ್ಕು ಡಿಸ್ಕ್, ಅದಕ್ಕೂ ದೊಡ್ಡ ಕೆಲವು ನ್ಯಾಸ್‌ಗಳಲ್ಲಿ ಆ ಚಿಪ್ ಇತ್ತು. ತಿಂಗಳುಗಟ್ಟಲೆ ನಿಲ್ಲದೆ ಓಡುವ ಪೆಟ್ಟಿಗೆ, ಅಪ್‌ಡೇಟ್‌ಗಾಗಿ ರೀಸ್ಟಾರ್ಟ್ ಆದಾಗ ಮಾತ್ರ ತನ್ನ ಕಾಯಿಲೆ ತೋರಿಸುತ್ತದೆ. ನಿಮ್ಮದು ಎರಡು ಡಿಸ್ಕ್‌ನದು, ಐದೇ ವರ್ಷ ಹಳೆಯದು. ಇದಾಗಿರುವ ಸಾಧ್ಯತೆ ಕಡಿಮೆ. ಇದೇ ತರಹದ ತೊಂದರೆ ಇರುವ ಬೇರೆಯವರಿಗೆ ಗೊತ್ತಿರಲಿ ಅಂತ ಹೇಳಿದೆ.

ಪೆಟ್ಟಿಗೆ ಹಿಂದೆ ಸೂಜಿಯಲ್ಲಿ ಒತ್ತುವ ರಿಸೆಟ್ ತೂತು ಇರುತ್ತದೆ. ಗಾಬರಿಯಾದವರ ಕೈ ಮೊದಲು ಹೋಗುವುದು ಅಲ್ಲಿಗೇ. ಅದು ಎಲ್ಲ ಕಡೆ ಒಂದೇ ಕೆಲಸ ಮಾಡುವುದಿಲ್ಲ. ಸೈನಾಲಜಿಯಲ್ಲಿ ಸುಮಾರು 4 ಸೆಕೆಂಡ್ ಒತ್ತಿ ಒಂದು ಬೀಪ್ ಬಂದಾಗ ಬಿಟ್ಟರೆ ಅಡ್ಮಿನ್ ಪಾಸ್‌ವರ್ಡ್ ಮತ್ತು ನೆಟ್‌ವರ್ಕ್ ಸೆಟ್ಟಿಂಗ್ ಮಾತ್ರ ಹಳೆಯ ಸ್ಥಿತಿಗೆ ಹೋಗುತ್ತವೆ. ಬಿಟ್ಟ ಕೂಡಲೇ ಮತ್ತೆ ಒತ್ತಿ ಹಿಡಿದರೆ ವ್ಯವಸ್ಥೆಯನ್ನೇ ಹೊಸದಾಗಿ ಹಾಕುವ ಹಂತಕ್ಕೆ ಹೋಗುತ್ತದೆ. ಆಗಲೂ ಫೈಲ್‌ಗಳಿರುವ ಭಾಗವನ್ನು ಅದು ಮುಟ್ಟುವುದಿಲ್ಲ. ನೆಟ್‌ಗೇರ್‌ನ ರೆಡಿನ್ಯಾಸ್‌ನಲ್ಲಿ ಬೂಟ್ ಮೆನು ಇದೆ. ಅದರಲ್ಲಿ ‘ಓಎಸ್ ರೀಇನ್‌ಸ್ಟಾಲ್’ ಡೇಟಾ ಉಳಿಸುತ್ತದೆ, ‘ಫ್ಯಾಕ್ಟರಿ ಡಿಫಾಲ್ಟ್’ ಎಲ್ಲವನ್ನೂ ಒರೆಸಿಹಾಕುತ್ತದೆ. ಎರಡೂ ಅದೇ ಮೆನುವಿನಲ್ಲಿ. ನಿಮ್ಮ ಮಾಡೆಲ್‌ನ ಕೈಪಿಡಿ ಮುಂದೆ ಇಟ್ಟುಕೊಳ್ಳದೆ ಆ ತೂತಿಗೆ ಸೂಜಿ ಹಾಕಬೇಡಿ.

ಹೊಸ ಪೆಟ್ಟಿಗೆ ತರಲಾ ಅಂತ ಕೇಳಿದ್ದೀರಿ. ಸೈನಾಲಜಿಯಾದರೆ ಅದು ಚೆನ್ನಾಗಿಯೇ ಕೆಲಸ ಮಾಡುವ ದಾರಿ. ಹೊಂದುವ ಮಾಡೆಲ್‌ಗೆ ಡಿಸ್ಕ್‌ಗಳನ್ನು ಅದೇ ಕ್ರಮದಲ್ಲಿ ಹಾಕಿದರೆ ಅದು ಗುರುತಿಸಿ ‘ಮೈಗ್ರೇಟಬಲ್’ ಎಂದು ತೋರಿಸುತ್ತದೆ, ಫೈಲ್ ಉಳಿಸಿಕೊಂಡೇ ಮುಂದೆ ಹೋಗುತ್ತದೆ. ಮನೆ ಬಳಕೆಯ ಕೆಲವು ಅಗ್ಗದ ಪೆಟ್ಟಿಗೆಗಳು ಹೀಗಲ್ಲ. ಬೇರೆ ಡಿಸ್ಕ್ ಕಂಡ ಕೂಡಲೇ ‘ಹೊಸ ಡಿಸ್ಕ್ ಸಿದ್ಧಮಾಡಲೇ’ ಅನ್ನುತ್ತವೆ. ದುಡ್ಡೂ ಹೋಗಿ ಡೇಟಾವೂ ಹೋಗುವುದು ಬೇಡ. ಮೊದಲು ನಕಲು, ಆಮೇಲೆ ಪೆಟ್ಟಿಗೆಯ ಯೋಚನೆ. ನನ್ನ ಪಟ್ಟು ಇದೊಂದೇ.

ಹಾಗಾದರೆ ನಕಲು ಹೇಗೆ? ಸಾಟಾ ಕೇಬಲ್ (ಡಿಸ್ಕನ್ನು ನೇರವಾಗಿ ಬೋರ್ಡ್‌ಗೆ ಸೇರಿಸುವ ತಂತಿ) ಹಾಕಬಹುದಾದ ಯಾವುದಾದರೂ ಡೆಸ್ಕ್‌ಟಾಪ್ ಬೇಕು. ಹಳೆಯದಾದರೂ ಪರವಾಗಿಲ್ಲ. ಅದರ ಒಳಗಿರುವ ವಿಂಡೋಸ್ ಡಿಸ್ಕ್‌ನ ಕೇಬಲ್ ಕಿತ್ತಿಡಿ, ಆಗ ಗೊಂದಲವೇ ಇರುವುದಿಲ್ಲ. ಒಂದು ಪೆನ್‌ಡ್ರೈವ್‌ನಲ್ಲಿ ಉಬುಂಟು ಲಿನಕ್ಸ್ ಹಾಕಿಕೊಳ್ಳಿ, ಅದು ಪುಕ್ಕಟೆ. ಇನ್‌ಸ್ಟಾಲ್ ಮಾಡುವುದು ಬೇಡ, ‘ಟ್ರೈ ಉಬುಂಟು’ ಅಂತ ಕೊಟ್ಟರೆ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ. ನಕಲು ಹಿಡಿಸುವಷ್ಟು ದೊಡ್ಡ ಇನ್ನೊಂದು ಡಿಸ್ಕ್ ಬೇಕು. ಅದನ್ನು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಿಟ್ಟುಕೊಳ್ಳಿ. ಫ್ಯಾಟ್32 ಇದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ಮದುವೆ ವಿಡಿಯೋ ಅಲ್ಲೇ ನಿಲ್ಲುತ್ತದೆ.

ಲ್ಯಾಪ್‌ಟಾಪ್ ಮಾತ್ರ ಇದೆ ಅಂದರೆ ಡಿಸ್ಕ್ ಸಿಕ್ಕಿಸಿ ಯುಎಸ್‌ಬಿಗೆ ಜೋಡಿಸುವ ಸ್ಟ್ಯಾಂಡ್, ಅಂದರೆ ಯುಎಸ್‌ಬಿ ಡಾಕ್ ಬೇಕಾಗುತ್ತದೆ. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ. ಕೊಳ್ಳುವಾಗ ತನ್ನದೇ 12 ವೋಲ್ಟ್ ಅಡಾಪ್ಟರ್ ಇರುವುದನ್ನೇ ಕೇಳಿ. ಲ್ಯಾಪ್‌ಟಾಪ್ ಡಿಸ್ಕ್‌ಗೆ ಮಾಡಿದ ಬರೀ ಕೇಬಲ್ 3.5 ಇಂಚಿನ ಡಿಸ್ಕನ್ನು ಎಬ್ಬಿಸಲಾರದು. ಇನ್ನೊಂದು ಸೂಕ್ಷ್ಮ ಇದೆ. 2 ಟಿಬಿಗಿಂತ ದೊಡ್ಡ ಡಿಸ್ಕ್ ಹಾಕಿದಾಗ ಕೆಲವು ಡಾಕ್‌ಗಳು ಸೆಕ್ಟರ್ (ಡಿಸ್ಕ್ ಜಾಗದ ಅತಿ ಚಿಕ್ಕ ತುಂಡು) ಅಳತೆಯನ್ನು 512 ಬೈಟ್ ಬದಲು 4096 ಎಂದು ತೋರಿಸುತ್ತವೆ. ಆಗ ಒಳಗಿನ ವಿಭಾಗಗಳೇ ಕಾಣದೆ ಡಿಸ್ಕ್ ಖಾಲಿ ಅನ್ನಿಸುತ್ತದೆ. ಖಾಲಿ ಅಂತ ಕಂಡರೆ ಎದೆ ಒಡೆದುಕೊಳ್ಳುವ ಮೊದಲು ನೇರವಾಗಿ ಸಾಟಾ ಕೇಬಲ್‌ಗೆ ಹಾಕಿ ನೋಡಿ.

ಈಗ ಒಂದು ಲೆಕ್ಕ. ನ್ಯಾಸ್ ಸರಿಯಿದ್ದಾಗ ಒಟ್ಟು ಜಾಗ ಎಷ್ಟು ತೋರಿಸುತ್ತಿತ್ತು, ನೆನಪಿದೆಯಾ? ಸುಮಾರು 3.6 ಟಿಬಿ ಅಂತ ತೋರಿಸುತ್ತಿದ್ದರೆ ನಿಮ್ಮದು ರೇಡ್ 1 (ಡಿಸ್ಕ್‌ಗಳನ್ನು ಒಂದು ಗುಂಪಾಗಿ ಜೋಡಿಸುವುದಕ್ಕೆ ರೇಡ್ ಅನ್ನುತ್ತಾರೆ). ಎರಡೂ ಡಿಸ್ಕ್‌ನಲ್ಲಿ ಅದೇ ಡೇಟಾ ಇದೆ, ಒಂದು ಸಾಕು. 7.2ರ ಹತ್ತಿರ ಇತ್ತು ಅಂದರೆ ಎರಡನ್ನೂ ಸೇರಿಸಿ ಒಂದು ಮಾಡಿದ್ದಾರೆ. ಆಗ ಎರಡೂ ಒಟ್ಟಿಗೆ ಬೇಕು, ಒಂದರಿಂದ ಪೂರ್ತಿ ಸಿಗುವುದಿಲ್ಲ. ಅಂಗಡಿಯವರು ಈಗಾಗಲೇ ಆ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಬಿಟ್ಟಿದ್ದರೂ ರೇಡ್ 1 ಆಗಿದ್ದರೆ ಮನೆಯಲ್ಲಿರುವುದು ನಿಮ್ಮ ಪಾಲಿನ ಚಿನ್ನ.

ರೇಡ್ 1 ಅಂದುಕೊಂಡೇ ಮುಂದೆ ಹೋಗೋಣ. ಉಬುಂಟುವಿನಲ್ಲಿ ರೇಡ್ ಜೋಡಿಸುವ ಎಂಡಿಎಡಿಎಂ ಎಂಬ ಚಿಕ್ಕ ಉಪಕರಣ ಬೇಕು. ಇಲ್ಲದಿದ್ದರೆ ಇಂಟರ್‌ನೆಟ್‌ನಿಂದ ಹಾಕಿಕೊಳ್ಳಬಹುದು, ಡಿಸ್ಕ್ ಜಾಗವನ್ನು ಹಂಚಿ ನೋಡಿಕೊಳ್ಳುವ ಎಲ್‌ವಿಎಂ2 ಕೂಡ ಜೊತೆಗಿರಲಿ. ಎಂಡಿಎಡಿಎಂಗೆ ‘ಎಕ್ಸಾಮಿನ್’ ಅಂತ ಕೇಳಿದರೆ ಡಿಸ್ಕ್‌ನ ರೇಡ್ ಗುರುತನ್ನು ಓದಿ ಹೇಳುತ್ತದೆ, ಏನೂ ಬರೆಯುವುದಿಲ್ಲ. ಎರಡೂ ಡಿಸ್ಕ್ ಕೈಯಲ್ಲಿದ್ದರೆ ಒಂದಾದ ಮೇಲೆ ಒಂದು ಹಾಕಿ ‘ಅಪ್‌ಡೇಟ್ ಟೈಮ್’ ಎಂಬ ಸಾಲು ನೋಡಿ. ಇದನ್ನು ಬಿಡಬೇಡಿ. ರೇಡ್ 1ರಲ್ಲಿ ಒಂದು ಡಿಸ್ಕ್ ಆರು ತಿಂಗಳ ಹಿಂದೆಯೇ ಗುಂಪಿನಿಂದ ಹೊರಬಿದ್ದು, ಮನೆಯವರು ಗಮನಿಸದೇ ಇರುವುದು ಬಹಳ ಸಾಮಾನ್ಯ. ಬೀಪ್ ಶಬ್ದ ಕಿರಿಕಿರಿ ಅಂತ ಯಾರೋ ಆಫ್ ಮಾಡಿರುತ್ತಾರೆ, ಅಲ್ವಾ? ಹೊರಬಿದ್ದ ಡಿಸ್ಕ್‌ನಲ್ಲಿ ಡೇಟಾ ಅವತ್ತಿಗೇ ನಿಂತಿರುತ್ತದೆ. ಎರಡರ ಸಮಯವೂ ಅಪ್‌ಡೇಟ್ ಮಾಡಿದ ದಿನದ್ದೇ ಇದ್ದರೆ ಯಾವುದಾದರೂ ಸರಿ. ಒಂದು ಹಳೆಯದಿದ್ದರೆ ಹೊಸದನ್ನೇ ಆರಿಸಿ. ಇನ್ನೊಂದನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡಿ.

ಆರಿಸಿದ ಡಿಸ್ಕ್‌ನ ಆರೋಗ್ಯವನ್ನೂ ನೋಡಬೇಕು. ಉಬುಂಟುವಿನ ‘ಡಿಸ್ಕ್ಸ್’ ಆ್ಯಪ್‌ನಲ್ಲಿ ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ಸಿಗುತ್ತದೆ. 5, 197, 198 ಎಂಬ ಕ್ರಮಸಂಖ್ಯೆಯ ಸಾಲುಗಳನ್ನು ಓದಿ. ಇವು ಕೆಟ್ಟ ಸೆಕ್ಟರ್‌ಗಳ ಲೆಕ್ಕ. ಮೂರೂ ಸೊನ್ನೆ ಇದ್ದರೆ ಚಿಂತೆ ಇಲ್ಲ. 197ರಲ್ಲಿ ಅಂಕಿ ಇದ್ದರೆ ಡಿಸ್ಕ್ ಈಗಾಗಲೇ ಕೆಲವು ಜಾಗ ಓದಲು ತಡವರಿಸುತ್ತಿದೆ. ಆಗ ಫೈಲ್‌ಗಳನ್ನು ಎಳೆಯಲು ಹೋಗಬೇಡಿ. ಡಿಡಿರೆಸ್ಕ್ಯೂ ಎಂಬ ಉಪಕರಣದಿಂದ ಇಡೀ ಡಿಸ್ಕ್‌ನ ಪ್ರತಿಯನ್ನು ಇನ್ನೊಂದಕ್ಕೆ ಇಳಿಸಿಕೊಂಡು, ಆ ಪ್ರತಿಯ ಮೇಲೆ ಕೆಲಸ ಮಾಡಿ. ಅದು ಸುಲಭವಾಗಿ ಸಿಗುವ ಜಾಗವನ್ನು ಮೊದಲು ಬಾಚಿಕೊಂಡು, ಕಷ್ಟದ ಜಾಗಕ್ಕೆ ಕೊನೆಗೆ ಬರುತ್ತದೆ. ಎಲ್ಲಿವರೆಗೆ ಬಂದೆ ಅಂತ ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುವುದರಿಂದ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಟಿಕ್ ಟಿಕ್ ಅಂತ ಸದ್ದು ಬಂದರೆ ಅದನ್ನೂ ಮಾಡಬೇಡಿ, ಕೂಡಲೇ ಆಫ್ ಮಾಡಿ.

ಡಿಸ್ಕ್ ಚೆನ್ನಾಗಿದ್ದರೆ ರೇಡ್ ಜೋಡಿಸಿ. ಎಂಡಿಎಡಿಎಂಗೆ ‘ರೀಡ್‌ಓನ್ಲಿ’ ಆಯ್ಕೆ ಕೊಟ್ಟೇ ಜೋಡಿಸಬೇಕು. ಯಾಕೆ ಅಂದರೆ, ಹಾಗೇ ಜೋಡಿಸಿದರೆ ಅದು ಡಿಸ್ಕ್‌ನ ರೇಡ್ ಗುರುತಿನಲ್ಲಿ ಹೊಸ ಲೆಕ್ಕ ಬರೆಯುತ್ತದೆ. ಮುಂದೆ ಎರಡನ್ನೂ ಪೆಟ್ಟಿಗೆಗೆ ಹಾಕಿದಾಗ ಒಂದರ ಲೆಕ್ಕ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ, ಒಂದರ ಮೇಲೆ ಇನ್ನೊಂದನ್ನು ಬರೆಯುವ ರೀಬಿಲ್ಡ್ ಶುರುವಾಗಬಹುದು. ಇಎಕ್ಸ್‌ಟಿ4 ವಿಭಾಗವನ್ನು ಮೌಂಟ್ ಮಾಡುವಾಗಲೂ, ಅಂದರೆ ಓದಲು ತೆರೆಯುವಾಗಲೂ, ‘ಆರ್‌ಓ’ ಜೊತೆ ‘ನೋಲೋಡ್’ ಸೇರಿಸಿ. ಬರೀ ಆರ್‌ಓ ಕೊಟ್ಟರೆ ಓದಲು ಮಾತ್ರ ಅಂದರೂ ಲಿನಕ್ಸ್ ಅರ್ಧಕ್ಕೆ ನಿಂತ ಜರ್ನಲ್ (ಬರೆಯಬೇಕಾದ್ದನ್ನು ಮೊದಲು ಗುರುತು ಹಾಕಿಡುವ ಪುಸ್ತಕ) ಅನ್ನು ಪೂರ್ತಿ ಮಾಡಲು ಡಿಸ್ಕ್ ಮೇಲೆ ಬರೆದೇ ಬಿಡುತ್ತದೆ. ಬಫಲೋದ ಹಾಗೆ ಎಕ್ಸ್‌ಎಫ್‌ಎಸ್ ಇದ್ದರೆ ಅದೇ ಕೆಲಸಕ್ಕೆ ‘ನೋರಿಕವರಿ’. ಅಪ್‌ಡೇಟ್ ನಡುವೆ ಕರೆಂಟ್ ಹೋದ ಡಿಸ್ಕ್ ಆದ್ದರಿಂದ ಇಷ್ಟು ಮಡಿ ಮಾಡುತ್ತಿದ್ದೇನೆ. ಕಮಾಂಡ್ ಅಂದರೆ ಕೈ ನಡುಗುವವರು ಗೊತ್ತಿರುವ ಹುಡುಗರನ್ನು ಪಕ್ಕ ಕೂರಿಸಿಕೊಳ್ಳಿ. ಲಿನಕ್ಸ್ ಓದುವ ಎಂಜಿನಿಯರಿಂಗ್ ವಿದ್ಯಾರ್ಥಿ ಚಿಕ್ಕಬಳ್ಳಾಪುರದಲ್ಲೇ ಸಿಗುತ್ತಾರೆ.

ಕಂಪನಿ ಮೇಲೆ ಕೆಲವು ವ್ಯತ್ಯಾಸ ಬರುತ್ತವೆ. ಸೈನಾಲಜಿಯಲ್ಲಿ ಬಿಟಿಆರ್‌ಎಫ್‌ಎಸ್ ಇದ್ದರೆ ಹೊಸ ಉಬುಂಟುವಿನಲ್ಲಿ ಕೆಲವೊಮ್ಮೆ ತೆರೆಯುವುದಿಲ್ಲ. 19.10ರಂಥ ಹಳೆ ಉಬುಂಟು ಹಾಕಿ ನೋಡಿ. ಕ್ಯೂನ್ಯಾಪ್ ತನ್ನದೇ ರೀತಿಯಲ್ಲಿ ಎಲ್‌ವಿಎಂ ಬದಲಾಯಿಸಿಕೊಂಡಿದೆ, ಸಾಮಾನ್ಯ ಉಬುಂಟು ಅದರ ಹಲವು ಡಿಸ್ಕ್‌ಗಳನ್ನು ಗುರುತಿಸುವುದಿಲ್ಲ. ಡೇಟಾ ಹೋಯಿತು ಅಂತ ಅದರ ಅರ್ಥ ಅಲ್ಲ. ಯುಎಫ್‌ಎಸ್ ಎಕ್ಸ್‌ಪ್ಲೋರರ್‌ನಂಥ, ನ್ಯಾಸ್ ಅನ್ನು ಅರ್ಥಮಾಡಿಕೊಳ್ಳುವ ಸಾಫ್ಟ್‌ವೇರ್ ಬೇಕಾಗುತ್ತದೆ. ಅದಕ್ಕೆ ದುಡ್ಡು ಕೊಡಬೇಕು, ಆದರೆ ಕೊಡುವ ಮೊದಲೇ ಫೈಲ್ ಪಟ್ಟಿ ನೋಡಬಹುದು. ಮೈ ಕ್ಲೌಡ್ ಹೋಮ್‌ನದು ಇನ್ನೊಂದು ತಮಾಷೆ. ಅದರ ಡಿಸ್ಕ್ ತೆರೆದರೆ ಫೈಲ್‌ಗಳು ಅರ್ಥವಿಲ್ಲದ ಅಕ್ಷರಗಳ ಹೆಸರಿನಲ್ಲಿರುತ್ತವೆ. ಅಸಲಿ ಹೆಸರಿನ ಪಟ್ಟಿ ಅದೇ ಡಿಸ್ಕ್‌ನ ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿದೆ. ಅದನ್ನೂ ಮರೆಯದೆ ನಕಲು ಮಾಡಿಕೊಳ್ಳಬೇಕು. ಇನ್ನು ಎನ್‌ಕ್ರಿಪ್ಷನ್ (ಪಾಸ್‌ವರ್ಡ್ ಇಲ್ಲದೆ ಓದಲಾಗದ ಗುಪ್ತಲಿಪಿ) ಹಾಕಿದ್ದರೆ ಪಾಸ್‌ವರ್ಡ್ ಅಥವಾ ಕೀ ಫೈಲ್ ಹುಡುಕಿ. ಅದಿಲ್ಲದಿದ್ದರೆ ಯಾರೂ ಏನೂ ಮಾಡಲಾಗದು. ‘ಮಾಡಿಕೊಡ್ತೀವಿ’ ಅಂದವರಿಗೆ ಮುಂಗಡ ಕೊಡಬೇಡಿ.

ಫೋಲ್ಡರ್‌ಗಳು ಕಂಡ ಕೂಡಲೇ ಎಲ್ಲವನ್ನೂ ಒಟ್ಟಿಗೆ ಆರಿಸಿ ಎಳೆಯಬೇಡಿ. ಮತ್ತೆ ಸಿಗದ್ದು ಮೊದಲು. ಅಜ್ಜಿಯ ಹಾಡು ಒಂದನೆಯದು. ಆಮೇಲೆ ಫೋಟೋ, ಆಮೇಲೆ ಟ್ಯಾಲಿ. ಟ್ಯಾಲಿಯ ಡೇಟಾ 10000ದಂಥ ಬರೀ ಅಂಕಿಗಳ ಹೆಸರಿನ ಫೋಲ್ಡರ್‌ನಲ್ಲಿರುತ್ತದೆ. ಒಳಗಿನ ಫೈಲ್ ಆರಿಸಬೇಡಿ, ಫೋಲ್ಡರನ್ನೇ ಎತ್ತಿಕೊಳ್ಳಿ. ಮದುವೆ ವಿಡಿಯೋ ನಾಲ್ಕನೆಯದು, ಅದರ ಪ್ರತಿ ಫೋಟೋಗ್ರಾಫರ್ ಹತ್ತಿರ ಇನ್ನೂ ಇರಬಹುದು, ಇವತ್ತೇ ಕೇಳಿ. ಸ್ಕ್ಯಾನ್ ಮಾಡಿಟ್ಟ ಪಹಣಿಗೆ ಅವಸರ ಬೇಡ, ಸರ್ಕಾರದ ‘ಭೂಮಿ’ ಜಾಲತಾಣದಲ್ಲಿ ಮತ್ತೆ ತೆಗೆಯಬಹುದು. ಡೌನ್‌ಲೋಡ್ ಮಾಡಿದ ಸಿನಿಮಾ ಕೊನೆಗೆ, ಅಥವಾ ಬೇಡವೇ ಬೇಡ.

ಸಮಯದ ಅಂದಾಜು ಇರಲಿ. ಸಾಟಾದಲ್ಲಿ ಸೆಕೆಂಡಿಗೆ 120 ಎಂಬಿ ಬಂದರೆ 4 ಟಿಬಿಗೆ ಒಂಬತ್ತು ಗಂಟೆ ಮೇಲೆ. ಹಳೆ ಯುಎಸ್‌ಬಿ 2ರ ತೂತಿಗೆ ಹಾಕಿದರೆ ಒಂದೂಕಾಲು ದಿನವೂ ಹಿಡಿಯುತ್ತದೆ. ಸಣ್ಣ ಸಣ್ಣ ಫೋಟೋ ಲಕ್ಷಗಟ್ಟಲೆ ಇದ್ದರೆ ಇನ್ನೂ ನಿಧಾನ. ಮಗ್ಗುಲಲ್ಲಿ ಟೇಬಲ್ ಫ್ಯಾನ್ ಇಟ್ಟು ಡಿಸ್ಕ್ ತಣ್ಣಗಿಡಿ.

ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳ ವಿಷಯ ಒಂದು ಮಾತು. ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಮಾತ್ರೆ ಚಿಹ್ನೆ, ಎಲ್ಲವೂ ತಲಾ 3 ಬೈಟ್ ತಿನ್ನುತ್ತವೆ. ಲಿನಕ್ಸ್‌ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ, ಅಂದರೆ ಕನ್ನಡದಲ್ಲಿ 85 ಚಿಹ್ನೆ. ಸೈನಾಲಜಿಯ ಎನ್‌ಕ್ರಿಪ್ಟ್ ಮಾಡಿದ ಫೋಲ್ಡರ್‌ನಲ್ಲಿ ಮಿತಿ 143 ಬೈಟ್, ಅಂದರೆ ಬರೀ 47. ‘ಅಜ್ಜಿ ಹಾಡಿದ ಸೋಬಾನೆ, ಚಿಕ್ಕಮ್ಮನ ಮಗಳ ಅರಿಶಿನ ಶಾಸ್ತ್ರದ ದಿನ’ ಅಂತ ಹೆಸರಿಟ್ಟಿದ್ದರೆ ಆ ಮಿತಿ ದಾಟಿಯೇ ಹೋಗುತ್ತದೆ. ಹೊಸ ಪೆಟ್ಟಿಗೆಯ ಎನ್‌ಕ್ರಿಪ್ಟ್ ಫೋಲ್ಡರ್‌ಗೆ ವಾಪಸ್ ಹಾಕುವಾಗ ಇಂಥ ಫೈಲ್‌ಗಳು ಮಾತ್ರ ಹೋಗದೆ ಉಳಿದರೆ ಡಿಸ್ಕ್ ಕೆಟ್ಟಿದೆ ಅಂತ ತಿಳಿಯಬೇಡಿ, ಹೆಸರು ಚಿಕ್ಕದು ಮಾಡಿ.

ನಕಲು ಮುಗಿದ ಮೇಲೆ ತೆರೆದು ನೋಡಿ. ಸಂಖ್ಯೆ ಹೊಂದಿದರೆ ಸಾಲದು. ಪ್ರತಿ ವರ್ಷದ ಫೋಲ್ಡರ್‌ನಿಂದ ಒಂದಷ್ಟು ಫೋಟೋ ತೆರೆಯಿರಿ, ವಿಡಿಯೋವನ್ನು ಕೊನೆಯವರೆಗೆ ಎಳೆದು ನೋಡಿ, ಟ್ಯಾಲಿಯಲ್ಲಿ ಕಂಪನಿ ತೆರೆದು ಕಳೆದ ತಿಂಗಳ ಗೂಡು ಖರೀದಿ ಲೆಕ್ಕ ಬರುತ್ತಾ ಅಂತ ಅಪ್ಪನನ್ನೇ ಕೇಳಿ.

ಇದ್ಯಾವುದೂ ಆಗದೆ ಲ್ಯಾಬ್‌ಗೆ ಕೊಡಬೇಕಾಗಿ ಬಂದರೆ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಡಿಸ್ಕನ್ನು ಟವೆಲ್‌ನಲ್ಲಿ ಸುತ್ತಿ ಕೈಚೀಲದಲ್ಲಿ ತೊಡೆ ಮೇಲಿಟ್ಟುಕೊಂಡು ಹೋಗಿ, ಬಸ್ಸಿನ ಮೇಲಿನ ಕ್ಯಾರಿಯರ್‌ನಲ್ಲಿ ಬೇಡ. ದುಡ್ಡು ಕೊಡುವ ಮೊದಲು ಫೈಲ್ ಪಟ್ಟಿ ತೋರಿಸುತ್ತೀರಾ, ಡೇಟಾ ಸಿಗದಿದ್ದರೆ ಎಷ್ಟು ಕೊಡಬೇಕು, ಮೂಲ ಡಿಸ್ಕ್ ಮೇಲೆ ಏನೂ ಬರೆಯದೆ ಪ್ರತಿಯ ಮೇಲೆ ಕೆಲಸ ಮಾಡುತ್ತೀರಾ, ಇಷ್ಟನ್ನು ಕೇಳಿ ರಸೀದಿಯಲ್ಲೇ ಬರೆಸಿಕೊಳ್ಳಿ. ಕೊನೆಯ ಪ್ರಶ್ನೆಗೆ ತಡಬಡಾಯಿಸಿದರೆ ಡಿಸ್ಕ್ ತಗೊಂಡು ಎದ್ದು ಬನ್ನಿ.

ಇನ್ನು ಆ ಇನ್ವರ್ಟರ್ ವಿಷಯ. ಲೈಟು ಫ್ಯಾನು ನಿಲ್ಲಲಿಲ್ಲ, ನ್ಯಾಸ್ ಮಾತ್ರ ಯಾಕೆ ಬಿತ್ತು ಅಂತ ನಿಮಗೆ ಆಶ್ಚರ್ಯ ಆಗಿದೆ. ಬೆಸ್ಕಾಂ ಲೈನ್ ಹೋದಾಗ ಇನ್ವರ್ಟರ್ ಬ್ಯಾಟರಿಗೆ ಬದಲಾಗಲು ಕ್ಷಣದ ಒಂದು ಚೂರು ಹೊತ್ತು ಬೇಕು. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ. ಎರಡು ಡಿಸ್ಕ್ ತಿರುಗಿಸುತ್ತಿರುವ ಹಳೆ ಅಡಾಪ್ಟರ್‌ಗೆ ಅಷ್ಟು ಹೊತ್ತು ತಡೆಯಲಾಗುವುದಿಲ್ಲ. ಇನ್ವರ್ಟರ್‌ನ ಹಿಂದೆಯೋ ಮುಂದೆಯೋ ಒಂದು ಸಣ್ಣ ಸ್ವಿಚ್ ಇರುತ್ತದೆ, ಒಂದು ಕಡೆ ‘ಯುಪಿಎಸ್’, ಇನ್ನೊಂದು ಕಡೆ ‘ನಾರ್ಮಲ್’ ಅಥವಾ ‘ಇಕೋ’. ಬಹಳ ಮನೆಗಳಲ್ಲಿ ಅದು ನಾರ್ಮಲ್‌ನಲ್ಲೇ ಇರುತ್ತದೆ, ತಂದು ಕೂರಿಸಿದವರು ಹೇಳಿರುವುದೂ ಇಲ್ಲ. ಯುಪಿಎಸ್ ಕಡೆಗೆ ಹಾಕಿದರೆ ಬದಲಾವಣೆ ಬೇಗ ಆಗುತ್ತದೆ. ವೋಲ್ಟೇಜ್ ಸ್ವಲ್ಪ ಇಳಿದರೂ ಬ್ಯಾಟರಿಗೆ ಹೋಗುವುದರಿಂದ ಬ್ಯಾಟರಿಗೆ ಕೆಲಸ ಜಾಸ್ತಿ, ಅದೊಂದು ಗೊತ್ತಿರಲಿ. ನನ್ನ ಕೇಳಿದರೆ ನ್ಯಾಸ್‌ಗೂ ರೌಟರ್‌ಗೂ ಸೇರಿ ಒಂದು ಚಿಕ್ಕ 600 ವಿಎ ಯುಪಿಎಸ್ ಬೇರೆಯಾಗಿ ಇಡಿ. ಯುಎಸ್‌ಬಿ ತಂತಿ ಇರುವುದನ್ನು ತಂದರೆ, ಮತ್ತು ನ್ಯಾಸ್ ಅದನ್ನು ಗುರುತಿಸಿದರೆ, ಬ್ಯಾಟರಿ ಮುಗಿಯುವ ಮೊದಲು ನ್ಯಾಸ್ ತಾನೇ ಸರಿಯಾಗಿ ಆಫ್ ಆಗುತ್ತದೆ.

ಪೆಟ್ಟಿಗೆಯನ್ನು ಮತ್ತೆ ಎಬ್ಬಿಸುವಾಗ ಫರ್ಮ್‌ವೇರ್ (ಪೆಟ್ಟಿಗೆಯನ್ನು ನಡೆಸುವ ಒಳಗಿನ ಸಾಫ್ಟ್‌ವೇರ್) ಅನ್ನು ಕಂಪನಿಯ ಜಾಲತಾಣದಿಂದಲೇ, ನಿಮ್ಮ ಮಾಡೆಲ್‌ಗೆ ಹೊಂದುವುದನ್ನೇ ಇಳಿಸಿಕೊಳ್ಳಿ. ಮೊದಲ ಸಲ ಹಳೆ ಡಿಸ್ಕ್ ಹಾಕಬೇಡಿ, ಯಾವುದಾದರೂ ಕೆಲಸಕ್ಕೆ ಬಾರದ ಖಾಲಿ ಡಿಸ್ಕ್ ಹಾಕಿ ಎದ್ದು ನಿಲ್ಲುತ್ತಾ ನೋಡಿ. ನಿಂತರೆ ಆಮೇಲೆ ನಿಮ್ಮವು. ಆ ಡಿಸ್ಕ್‌ಗಳ ಸ್ಮಾರ್ಟ್ ಪಟ್ಟಿಯಲ್ಲಿ 9ನೇ ಸಾಲು ಎಷ್ಟು ಗಂಟೆ ಓಡಿದೆ ಅಂತ ಹೇಳುತ್ತದೆ. ಐದು ವರ್ಷ ನಿಲ್ಲದೆ ಓಡಿದ್ದರೆ 43,800ರ ಹತ್ತಿರ ಇರುತ್ತದೆ. ಅಷ್ಟಿದ್ದರೆ ಒಂದನ್ನಾದರೂ ಈ ಸಲ ಹೊಸದು ಮಾಡಿ. ತೆಗೆದ ಹಳೆಯದನ್ನು ಮಾರಬೇಡಿ. ಈಗ ಮಾಡಿಕೊಂಡ ನಕಲು ಇರುವ ಡಿಸ್ಕನ್ನು ತಂಗಿಯ ಮನೆಯಲ್ಲಿಡಿ, ಹಳೆಯದು ನಿಮ್ಮ ಬೀರುವಿನಲ್ಲಿರಲಿ.

ಅಂಗಡಿಯಿಂದ ಡಿಸ್ಕ್ ತಂದ ಮೇಲೆ ಪೆಟ್ಟಿಗೆಯ ಕೆಳಗಿರುವ ಮಾಡೆಲ್ ನಂಬರ್ ಮತ್ತು ‘ಎಕ್ಸಾಮಿನ್’ ತೋರಿಸಿದ ಸಾಲುಗಳನ್ನು ಬರೆದು ಕಳಿಸಿ. ಜೋಡಿಸುವ ಕಮಾಂಡ್ ಯಾವುದು ಅಂತ ಅದನ್ನು ನೋಡಿ ಹೇಳುತ್ತೇನೆ.